ಕಡೆಯ ಗದ್ದೆಯ ನೀರು

ಯೌವನದ ಹನ್ನೊಂದು ವರ್ಷಗಳನ್ನು ನಾನು ಯಂತ್ರಗಳ ಯೋಗಕ್ಷೇಮ ವಿಚಾರಿಸುವುದರಲ್ಲಿ ಕಳೆದೆನೆಂದರೆ ಕೇಳಿದವರು ಮೊದಲು ನಗುತ್ತಾರೆ. ನಕ್ಕಾದ ಮೇಲೆ, ಅದಕ್ಕೂ ಸಂಬಳ ಕೊಡುತ್ತಿದ್ದರೇ ಎಂದು ಕೇಳುತ್ತಾರೆ. ಕೊಡುತ್ತಿದ್ದರು. 2003ನೆಯ ಇಸವಿಯ ಮಳೆಗಾಲದಲ್ಲಿ, ಕೋಲಾರದ ಕಡೆಯ ನಮ್ಮ ಹಳ್ಳಿಯಿಂದ ಒಂದು ಟ್ರಂಕನ್ನೂ ಒಂದು ಡಿಪ್ಲೊಮಾ ಸರ್ಟಿಫಿಕೇಟನ್ನೂ ಹೊತ್ತು ಬೆಂಗಳೂರಿಗೆ ಬಂದಿಳಿದವನಿಗೆ, ಅನ್ಯರ ಇ-ಮೇಲನ್ನೂ ಅನ್ಯರ ಜಾಲತಾಣಗಳನ್ನೂ ತನ್ನ ಸರ್ವರುಗಳಲ್ಲಿ ಇರಿಸಿಕೊಂಡು ಕಾಯುವುದನ್ನೇ ಉದ್ಯೋಗವಾಗಿ ಮಾಡಿಕೊಂಡಿದ್ದ ಒಂದು ಸಣ್ಣ ಸಂಸ್ಥೆಯಲ್ಲಿ ರಾತ್ರಿಪಾಳಿಯ ಕೆಲಸ ದೊರೆಯಿತು. ಮೂರನೆಯ ಮಹಡಿಯ ಆ ಕೋಣೆಯಲ್ಲಿ ವೈಶಾಖದ ಧಗೆಯಲ್ಲಿಯೂ ಸ್ವೆಟರು ತೊಟ್ಟು ಕೂರಬೇಕಾಗಿದ್ದಿತು. ಕಬ್ಬಿಣದ ರ‍್ಯಾಕುಗಳಲ್ಲಿ ಒಂದರ ಮೇಲೊಂದರಂತೆ ಮಲಗಿದ್ದ ನಲವತ್ತೆರಡು ಸರ್ವರುಗಳ ಫ್ಯಾನುಗಳು ಜಡಿಮಳೆಯ ಹಾಗೆ ಎಡೆಬಿಡದೆ ಮೊರೆಯುತ್ತಿದ್ದುವು. ಮೊದಲ ವಾರ ಆ ಸದ್ದಿನಿಂದ ನನಗೆ ತಲೆ ಸಿಡಿಯಿತು, ಎರಡನೆಯ ತಿಂಗಳಿಗೆ ಅದಿಲ್ಲದ ಕಡೆ ನಿದ್ದೆಯೇ ಬಾರದಾಯಿತು.

ಆ ಯಂತ್ರಗಳಿಗೆಲ್ಲ ನದಿಗಳ ಹೆಸರಿಟ್ಟಿದ್ದರು. ಕಾವೇರಿ, ಕಪಿಲೆ, ಹೇಮಾವತಿ, ಶರಾವತಿ, ವೇದಾವತಿ. ನಮ್ಮ ನಾಡಿನ ಹೊಳೆಗಳು ಮುಗಿದ ಮೇಲೆ ಗಂಗೆ, ಗೋದಾವರಿ. ಇಟ್ಟವರು ನಮ್ಮ ಹಿರಿಯ ಮೇಲ್ವಿಚಾರಕರು. ಹಿಂದೆ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿದ್ದವರಾದುದರಿಂದ ಅವರನ್ನು ಎಲ್ಲರೂ ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದೆವು. ಅವರ ಬಳಿ ಕೆಂಪು ಬಟ್ಟೆಯ ರಟ್ಟು ಹಾಕಿಸಿದ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದ್ದಿತು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ, ಅವರು ಪರದೆಯ ಮುಂದೆ ಕುಳಿತು ಒಂದೊಂದು ನದಿಯ ಹೆಸರನ್ನೂ ಟೈಪು ಮಾಡಿ, ‘ಪಿಂಗ್’ ಎಂಬ ಆಜ್ಞೆಯಿಂದ ಅದನ್ನು ಮಾತನಾಡಿಸಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂಬುದನ್ನು ಆ ಪುಸ್ತಕದ ಮನೆಗಳಲ್ಲಿ ಮಸಿಯ ಪೆನ್ನಿನಿಂದ ಬರೆದಿಡುವರು. ರಾತ್ರಿಯ ಎರಡು ಸರದಿಗಳು ನನ್ನ ಪಾಲಿಗೆ ಬಂದುವು. ಬೆಳಿಗ್ಗೆ ಅವರು ಚಪ್ಪಲಿ ಬಿಟ್ಟು ಒಳಬರುತ್ತಲೇ ಕೇಳುತ್ತಿದ್ದ ಮೊದಲ ಪ್ರಶ್ನೆ, “ಎಲ್ಲರನ್ನೂ ಮಾತಾಡಿಸಿದೆಯೇನಪ್ಪಾ?” ಎಂಬುದು.

ಈ ಪಿಂಗ್ ಎಂಬುದರ ವೃತ್ತಾಂತವನ್ನು ನನಗೆ ಹೇಳಿದವರೂ ಅವರೇ. 1983ರ ಡಿಸೆಂಬರಿನಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ ಅಲ್ಲಿಯ ಸೈನ್ಯಕ್ಕೆ ಸೇರಿದ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಎಂಬಾತ, ತಮ್ಮ ಜಾಲವು ವಿಚಿತ್ರವಾಗಿ ವರ್ತಿಸುತ್ತಿದ್ದುದರ ಕಾರಣ ಹುಡುಕುವುದಕ್ಕಾಗಿ ಒಂದೇ ರಾತ್ರಿ ಕುಳಿತು ಬರೆದ ಸಣ್ಣ ಪ್ರೋಗ್ರಾಂ ಅದು. ಜಲಾಂತರ್ಗಾಮಿಗಳು ನೀರಿನೊಳಕ್ಕೆ ನಾದವೊಂದನ್ನು ಹೊರಡಿಸಿ ಅದರ ಪ್ರತಿಧ್ವನಿಯಿಂದ ಎದುರಿನ ವಸ್ತುವನ್ನು ಅರಿಯುತ್ತವಲ್ಲ, ಆ ನಾದದ ಅನುಕರಣೆಯೇ ಹೆಸರು. ಒಂದು ಸಣ್ಣ ಪೊಟ್ಟಣವನ್ನು ಕಳಿಸುವುದು, ಆ ಕಡೆಯ ಯಂತ್ರ ಅದನ್ನು ಹಾಗೆಯೇ ಹಿಂದಿರುಗಿಸುವುದು, ಅಷ್ಟೇ. ಆತ 2000ದ ನವೆಂಬರಿನಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡನು. ಮೇಷ್ಟ್ರು ಬಹು ಸಂತೋಷದಿಂದ ಹೇಳುತ್ತಿದ್ದ ಕಥೆಯೊಂದಿದೆ, ಅದನ್ನು ಮೂಸನೇ ಬರೆದಿಟ್ಟಿದ್ದಾನೆ: ಒಬ್ಬಾತ ತನ್ನ ಕಚೇರಿಯ ಜಾಲದಲ್ಲಿ ಎಲ್ಲಿಯೋ ತಂತಿ ಸಡಿಲವಾಗಿದೆಯೆಂದು ಶಂಕಿಸಿ, ಪ್ರತಿಯೊಂದು ಉತ್ತರ ಬಂದಾಗಲೂ ಕಂಪ್ಯೂಟರು ಬಾಯಿಬಿಟ್ಟು ‘ಪಿಂಗ್’ ಎಂದು ನುಡಿಯುವಂತೆ ಏರ್ಪಡಿಸಿ, ಅದನ್ನು ಸ್ಟೀರಿಯೋಗೆ ಜೋಡಿಸಿ ಗಟ್ಟಿಯಾಗಿ ಹಾಕಿ, ಕಟ್ಟಡವನ್ನೆಲ್ಲ ಸುತ್ತುತ್ತ ಒಂದೊಂದು ಕೀಲನ್ನೂ ಅಲುಗಾಡಿಸಿದನಂತೆ, ಯಾವುದನ್ನು ಮುಟ್ಟಿದಾಗ ಸದ್ದು ನಿಂತಿತೋ ಅದೇ ಕಳ್ಳ.

ಮೇಷ್ಟ್ರಿಗೆ ಆ ಅಂಕಿಗಳನ್ನು ಓದುವುದು ಪಂಚಾಂಗ ಓದುವಷ್ಟು ಸಲೀಸು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಓಡುತ್ತದೆ. ಆದುದರಿಂದ ಹೋಗಿಬರುವ ವೇಳೆಯನ್ನು ನೋಡಿ, “ಇದು ಮುಂಬಯಿ, ಇದು ಸಿಂಗಪುರ” ಎಂದು ಹೇಳಿಬಿಡುವರು. ಅರ್ಧ ಸೆಕೆಂಡು ಮೀರಿದ ಉತ್ತರವನ್ನು ಕಂಡರೆ, “ಇವನು ಆಕಾಶಮಾರ್ಗದಲ್ಲಿ ಬಂದಿದ್ದಾನಪ್ಪಾ” ಎನ್ನುವರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಹತ್ತಿ ಇಳಿದು, ಉತ್ತರವೂ ಅದೇ ದಾರಿಯಲ್ಲಿ ಹತ್ತಿ ಇಳಿದು ಬರುವುದಕ್ಕೆ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕೇ ಬೇಕು.

ಇಷ್ಟೆಲ್ಲ ಇದ್ದರೂ, ನಲವತ್ತೆರಡು ಯಂತ್ರಗಳನ್ನು ದಿನಕ್ಕೆ ಐದು ಬಾರಿ ಕೈಯಿಂದ ವಿಚಾರಿಸಿದರೆ ನಡುನಡುವಿನ ಹೊತ್ತಿನಲ್ಲಿ ಸತ್ತವರ ಗತಿಯೇನು? 2004ರಲ್ಲಿ ನಾವು ನೇಗಿಯೋಸ್ ಎಂಬ ತಂತ್ರಾಂಶವನ್ನು ಹಾಕಿಕೊಂಡೆವು. ಈಥನ್ ಗ್ಯಾಲ್‌ಸ್ಟಡ್ ಎಂಬ ಅಮೆರಿಕದ ತರುಣ 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಅದನ್ನು ಹೊರತಂದಿದ್ದ. ಹೆಸರಿನ ಹಕ್ಕಿನ ವಿಷಯದಲ್ಲಿ ತಕರಾರು ಬಂದುದರಿಂದ 2002ರಲ್ಲಿ ಬೇರೆ ಹೆಸರಿಡಬೇಕಾಯಿತು. ಗ್ರೀಕಿನಲ್ಲಿ ‘ಅಗಿಯೋಸ್’ ಎಂದರೆ ಸಂತ. ಇನ್ನು ಸಂತತನಕ್ಕಾಗಿ ಹಟ ಹಿಡಿಯುವುದಿಲ್ಲವೆಂಬ ವಿನೋದದ ವಾಕ್ಯವೊಂದರ ಮೊದಲಕ್ಷರಗಳನ್ನು ಕೂಡಿಸಿ ಆತ ಹೊಸ ಹೆಸರು ಕಟ್ಟಿದನು. ಹಣವಿಲ್ಲದೆ ದೊರೆಯುತ್ತಿದ್ದುದರಿಂದ ನಮ್ಮಂಥ ಬಡ ಸಂಸ್ಥೆಗಳಿಗೆ ಅದು ದೊಡ್ಡ ಉಪಕಾರವಾಯಿತು.

ಅದರ ರೀತಿನೀತಿಗಳು ನನಗೆ ಮೊದಲ ದಿನದಿಂದಲೇ ಹಿಡಿಸಿದುವು. ಅದು ಐದು ನಿಮಿಷಕ್ಕೊಮ್ಮೆ ಪ್ರತಿಯೊಂದನ್ನೂ ವಿಚಾರಿಸುವುದು. ಉತ್ತರ ಬಾರದಿದ್ದರೆ ಕೂಡಲೇ ಬೊಬ್ಬೆ ಹೊಡೆಯದೆ, ಒಂದು ನಿಮಿಷ ತಾಳಿ ಮತ್ತೊಮ್ಮೆ, ಇನ್ನೊಂದು ನಿಮಿಷ ತಾಳಿ ಮಗದೊಮ್ಮೆ ಕೇಳಿ, ಮೂರನೆಯ ಬಾರಿಯೂ ಮೌನವೇ ಉತ್ತರವಾದಾಗ ಮಾತ್ರ ಆಪತ್ತೆಂದು ಸಾರುವುದು. ಮನೆಯ ಯಜಮಾನ ಬಾಗಿಲು ತೆರೆಯಲಿಲ್ಲವೆಂದು ಮೊದಲ ಬಡಿತಕ್ಕೇ ಪೊಲೀಸರನ್ನು ಕರೆಯುವ ಜಾತಿಯಲ್ಲ ಅದು. ವಿಚಾರಣೆಗೆ ಹೋದ ದೂತ ನಾಲ್ಕು ಬಗೆಯ ಉತ್ತರಗಳಲ್ಲಿ ಒಂದನ್ನು ತರಬಹುದು: ಸೊನ್ನೆಯಾದರೆ ಕ್ಷೇಮ, ಒಂದಾದರೆ ಎಚ್ಚರಿಕೆ, ಎರಡಾದರೆ ಅಪಾಯ, ಮೂರಾದರೆ ‘ನನಗೆ ತಿಳಿಯದು’. ಈ ನಾಲ್ಕನೆಯದು ನನಗೆ ಅತ್ಯಂತ ಪ್ರಿಯವಾದುದು. ತಿಳಿಯದು ಎಂಬುದಕ್ಕೇ ಒಂದು ಅಂಕಿಯನ್ನು ಮೀಸಲಿಟ್ಟ ಕಚೇರಿಯನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ. ಯಂತ್ರ ಸತ್ತಿದೆಯೋ, ಅಥವಾ ಅದರ ದಾರಿಯಲ್ಲಿರುವ ರೂಟರು ಕೆಟ್ಟು ಅದು ನಮಗೆ ಎಟುಕದಂತಾಗಿದೆಯೋ ಎಂಬ ವ್ಯತ್ಯಾಸವನ್ನೂ ಅದು ಬಲ್ಲುದು. ಆದರೆ ಯಾರ ದಾರಿಯಲ್ಲಿ ಯಾರಿದ್ದಾರೆಂಬ ವಂಶಾವಳಿಯನ್ನು ನಾವು ಬರೆದುಕೊಡಬೇಕು. ಬರೆಯಲು ಸೋಮಾರಿತನ ಮಾಡಿದ ನನಗೆ, ಒಂದು ರೂಟರಿನ ಪ್ಲಗ್ಗು ಕಳಚಿದ ರಾತ್ರಿ ನೂರಕ್ಕೂ ಹೆಚ್ಚು ಮರಣವಾರ್ತೆಗಳು ಒಟ್ಟಿಗೆ ಬಂದುವು. ಮರುದಿನವೇ ಕುಳಿತು ವಂಶಾವಳಿ ಬರೆದೆ.

ವಾರ್ತೆಗಳು ಬರುತ್ತಿದ್ದುದು ನೋಕಿಯಾ ಫೋನಿನ ಮೂಲಕ. ಕಾವಲಿನ ಯಂತ್ರಕ್ಕೆ ಒಂದು ಹಳೆಯ ಫೋನನ್ನು ಕೇಬಲ್ಲಿನಿಂದ ಕಟ್ಟಿಹಾಕಿದ್ದೆವು. ಅದು ಎಸ್ಸೆಮ್ಮೆಸ್ ಕಳಿಸುವುದು, ಸರದಿಯಲ್ಲಿದ್ದವನ ಫೋನು ಕಿರುಚುವುದು. ಒಮ್ಮೆ ರಜೆಗೆ ಊರಿಗೆ ಹೋಗಿದ್ದಾಗ, ಜಗುಲಿಯ ಮೇಲೆ ಬಿಟ್ಟಿದ್ದ ನನ್ನ ಫೋನಿನಲ್ಲಿ ‘ಶರಾವತಿ ಕ್ರಿಟಿಕಲ್’ ಎಂಬುದನ್ನು ತಂಗಿ ಓದಿಹೇಳಲು, ಅಮ್ಮ ಹಿತ್ತಲಿನಿಂದ ಕೈಯೊರೆಸಿಕೊಳ್ಳುತ್ತ ಬಂದು, “ಪಾಪ, ಯಾರ ಮಗಳೋ? ಯಾವ ಆಸ್ಪತ್ರೇಲಿ ಇಟ್ಟವರೆ?” ಎಂದು ಕೇಳಿದಳು. ಡಿಸ್ಕು ತುಂಬಿರುವುದೆಂದು ನಾನು ಎಷ್ಟು ಹೇಳಿದರೂ ಆಕೆಯ ಮುಖದ ಸಂಶಯ ಹೋಗಲಿಲ್ಲ. ಮದುವೆಯ ಮಾತು ಆ ವರ್ಷವೇ ಚುರುಕಾಯಿತು.

ಹೀಗೆ ಎಲ್ಲವೂ ಸುವ್ಯವಸ್ಥಿತವಾಗಿದ್ದ ಕಾಲದಲ್ಲಿಯೇ, ನಾನು ಹೇಳಹೊರಟ ಸಂಗತಿ ನಡೆದದ್ದು. ಆ ಶನಿವಾರ ಮತ್ತು ಭಾನುವಾರದ ರಾತ್ರಿಗಳು ನನ್ನವು. ಗೋಡೆಯ ಪರದೆಯ ಮೇಲೆ ನಲವತ್ತೆರಡು ನದಿಗಳೂ, ಅವುಗಳ ನೂರೆಂಬತ್ತು ಸೇವೆಗಳೂ ಹಸಿರಾಗಿ ಹರಡಿಕೊಂಡು, ನೋಡುವುದಕ್ಕೆ ಭತ್ತದ ಗದ್ದೆಯ ಬಯಲಿನಂತೆ ಕಾಣುತ್ತಿದ್ದುವು. ಒಂದೂ ಎಸ್ಸೆಮ್ಮೆಸ್ ಬರಲಿಲ್ಲ. ಸುಖವಾಗಿ ಒಂದು ಕಾದಂಬರಿ ಓದಿ ಮುಗಿಸಿದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ, ನಾನು ಇನ್ನೇನು ಮನೆಗೆ ಹೊರಡಬೇಕೆಂದಿರುವಾಗ, ದಾವಣಗೆರೆಯ ಕಡೆಯ ಬಿತ್ತನೆಬೀಜದ ವ್ಯಾಪಾರಿಯೊಬ್ಬರ ಫೋನು ಬಂದಿತು.

“ಶನಿವಾರದಿಂದ ನಮಗೊಂದು ಮೇಲೂ ಬಂದಿಲ್ಲ ಸ್ವಾಮಿ. ಆರ್ಡರು ಕಳಿಸಿದೀವಿ ಅಂತ ಪಾರ್ಟಿಗಳು ಫೋನ್ ಮಾಡ್ತಾವ್ರೆ.”

ನಾನು ಪರದೆಯತ್ತ ಕಣ್ಣಾಡಿಸಿದೆ. ಹೇಮಾವತಿಯೇ ಅವರ ಇ-ಮೇಲಿನ ಯಂತ್ರ. ಪಿಂಗಿಗೆ ಉತ್ತರಿಸುತ್ತಿದ್ದಿತು, 25ನೆಯ ಪೋರ್ಟಿನ ಬಾಗಿಲು ತಟ್ಟಿದರೆ ‘220’ ಎಂಬ ಸ್ವಾಗತವಚನ ಕೂಡಲೇ ಬರುತ್ತಿದ್ದಿತು. “ಸಾರ್, ನಮ್ಮ ಕಡೆ ಎಲ್ಲಾ ಸರಿಯಾಗಿದೆ. ಹಸಿರೇ ತೋರಿಸ್ತಾ ಇದೆ” ಎಂದೆ. ಆ ಧ್ವನಿಯಲ್ಲಿದ್ದ ಆತ್ಮವಿಶ್ವಾಸವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಿಮ್ ಕಡೆ ಹಸಿರಿರಬೋದು ಸ್ವಾಮಿ. ನಮ್ ಕಡೆ ಒಣಗೋಗಿದೆ.”

ಒಳಹೊಕ್ಕು ನೋಡಿದಾಗ ತಿಳಿದದ್ದಿಷ್ಟು. ಬಂದ ಮೇಲನ್ನೆಲ್ಲ ಬಾಗಿಲಿನಲ್ಲಿ ಪೋಸ್ಟ್‌ಫಿಕ್ಸ್ ಎಂಬ ಪ್ರೋಗ್ರಾಂ ಸಂಭ್ರಮದಿಂದ ಸ್ವೀಕರಿಸಿ, ವೈರಸ್ಸು ಇದೆಯೇ ಎಂದು ಪರೀಕ್ಷಿಸುವ ಇನ್ನೊಂದು ಪ್ರೋಗ್ರಾಮಿಗೆ ದಾಟಿಸಬೇಕು. ಅದು ಶುದ್ಧಿಪತ್ರ ಕೊಟ್ಟ ಮೇಲೆ ಪೆಟ್ಟಿಗೆಗೆ ಹಾಕಬೇಕು. ಆ ಪರೀಕ್ಷಕ ಶನಿವಾರ ರಾತ್ರಿಯೇ ಸದ್ದಿಲ್ಲದೆ ಸತ್ತಿದ್ದನು. ಪೋಸ್ಟ್‌ಫಿಕ್ಸಿನದು ಸಾಧುಸ್ವಭಾವ. ಮುಂದಿನವನು ಇಲ್ಲವೆಂದಾಗ ಅದು ಮೇಲನ್ನು ತಿರಸ್ಕರಿಸುವುದಿಲ್ಲ. ಸರದಿಯಲ್ಲಿ ನಿಲ್ಲಿಸಿಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತ, ನಾವು ಬೇರೆ ವಿಧಿಸದಿದ್ದರೆ, ಐದು ದಿನ ಕಾಯುತ್ತದೆ. ಅಲ್ಲಿಯವರೆಗೆ ಕಳಿಸಿದವನಿಗೂ ಒಂದು ಮಾತನ್ನು ತಿಳಿಸುವುದಿಲ್ಲ. ಹೀಗೆ ಸಾವಿರಾರು ಮೇಲುಗಳು, ಜಾತ್ರೆಗೆ ಬಂದು ಛತ್ರದಲ್ಲಿ ಸಿಕ್ಕಿಹಾಕಿಕೊಂಡವರಂತೆ, ಸರದಿಯಲ್ಲಿ ಒತ್ತೊತ್ತಾಗಿ ನಿಂತಿದ್ದುವು. ಸತ್ತವನನ್ನು ಎಬ್ಬಿಸಲು ಒಂದು ಸಾಲಿನ ಆಜ್ಞೆ ಸಾಕಾಯಿತು. ನಾನು ಕೈಕಟ್ಟಿ ನೋಡುತ್ತಿರುವಂತೆಯೇ ಎರಡು ದಿನದ ಮೇಲುಗಳು ಒಂದರ ಹಿಂದೊಂದು ಹೊರಟು, ಪರದೆಯ ಸಾಲುಗಳು ಕಣ್ಣಿಗೆ ಹಿಡಿಯದ ವೇಗದಲ್ಲಿ ಮೇಲಕ್ಕೆ ಹರಿದುಹೋದುವು.

ಮೇಷ್ಟ್ರು ಬೈಯಲಿಲ್ಲ. ಕೆಂಪು ರಟ್ಟಿನ ಪುಸ್ತಕವನ್ನು ತೆರೆದು (ತಂತ್ರಾಂಶ ಬಂದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ) ಹೇಮಾವತಿಯ ಸಾಲಿನಲ್ಲಿ ಆ ಎರಡು ದಿನಗಳ ಮನೆಗಳನ್ನು ಕೂಡಿಸಿ, ಸಣ್ಣ ಅಕ್ಷರದಲ್ಲಿ ಬರೆದರು: ‘ಉಸಿರಿತ್ತು, ಕೆಲಸವಿರಲಿಲ್ಲ.’

ಆ ದಿನ ಮನೆಗೆ ಹೋಗಿ ಮಲಗಿದರೂ ನಿದ್ದೆ ಬಾರದೆ, ನಮ್ಮೂರ ನೀರಗಂಟಿಯ ನೆನಪು ಬಂದಿತು. ನಮ್ಮ ಸೀಮೆಗೆ ನದಿಯ ಭಾಗ್ಯವಿಲ್ಲ, ಇರುವುದೆಲ್ಲ ಕೆರೆ. ಕೆರೆಯ ತೂಬನ್ನೆತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳುವ ಹೊಣೆ ವಂಶಪಾರಂಪರ್ಯವಾಗಿ ಆತನದು. ತೂಬೆತ್ತಿದ ದಿನ ಊರವರೆಲ್ಲ ಏರಿಯ ಮೇಲೆ ನಿಂತು, ಕಾಲುವೆಗೆ ನುಗ್ಗುವ ಕೆಂಪು ನೀರನ್ನು ಕಣ್ತುಂಬ ನೋಡಿ ತೃಪ್ತರಾಗಿ ಹಿಂದಿರುಗುತ್ತಿದ್ದರು. ಆತ ಮಾತ್ರ ಸನಿಕೆಯನ್ನು ಹೆಗಲಿಗೇರಿಸಿ, ಕಾಲುವೆಯ ಬದುವಿನ ಮೇಲೆ ನೀರಿಗಿಂತ ಮುಂದಾಗಿ ನಡೆದುಹೋಗಿ, ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಯ ಬಾಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುವನು. ಆ ಗದ್ದೆ ಊರಿನಲ್ಲಿ ಎಲ್ಲರಿಗಿಂತ ಬಡವರದು. ಕಡೆಯ ಗದ್ದೆಗಳು ಸಾಮಾನ್ಯವಾಗಿ ಬಡವರವೇ. ಎಂಟು ವರ್ಷದ ಹುಡುಗನಾಗಿದ್ದ ನಾನು ಒಮ್ಮೆ ಬೆನ್ನುಹತ್ತಿ ಹೋಗಿ ಕೇಳಿದ್ದೆ: “ನೀರು ಬಿಟ್ಟಿದ್ದು ಅಲ್ಲಿ ಅಲ್ವಾ ತಾತ? ಇಲ್ಯಾಕೆ ಕೂತಿದ್ದೀಯ?”

“ಅಲ್ಲಿ ಬಿಟ್ರೇನ್ ಬಂತು ಮಗಾ? ಇಲ್ಲಿಗ್ ಬರ್ಬೇಕಲ್ಲ” ಎಂದಿದ್ದ. ನೀರು ಬಂದು ಅವನ ಅಂಗಾಲು ತೋಯ್ದ ಮೇಲೆಯೇ ಎದ್ದದ್ದು.

ನಾನು ವರ್ಷಗಟ್ಟಲೆ ಏರಿಯ ಮೇಲೆ ನಿಂತು ನೋಡಿದ್ದೆ. ಆ ವಾರವೇ ಮುಂಬಯಿಯಲ್ಲಿ ಒಂದು ಸಣ್ಣ ಸರ್ವರನ್ನು ಬಾಡಿಗೆಗೆ ಹಿಡಿದು, ಅದು ಯಾರೋ ಹೊರಗಿನ ಗಿರಾಕಿಯಂತೆ ಐದು ನಿಮಿಷಕ್ಕೊಂದು ಮೇಲನ್ನು ಹೇಮಾವತಿಯ ವಿಳಾಸಕ್ಕೆ ಬರೆದು, ಒಡನೆಯೇ ಇನ್ನೊಬ್ಬ ಗಿರಾಕಿಯಂತೆ ಪೆಟ್ಟಿಗೆ ತೆರೆದು, ತಾನು ಬರೆದದ್ದು ತನಗೆ ಸಿಕ್ಕಿತೇ ಎಂದು ನೋಡಿ, ಸಿಕ್ಕಿದುದನ್ನು ಅಳಿಸುವಂತೆ ಏರ್ಪಡಿಸಿದೆ. ದಿನಕ್ಕೆ 288 ಮೇಲುಗಳು. ಒಕ್ಕಣೆಯಲ್ಲಿ ಏನು ಬರೆಯುವುದೆಂದು ಯೋಚಿಸಿ, ಕಡೆಗೆ ‘ಬಂತಾ?’ ಎಂದಷ್ಟೇ ಬರೆದೆ. ಮೇಷ್ಟ್ರು ನೋಡಿ, “ಕ್ಷೇಮ ಅಂತ ಒಂದು ಮಾತು ಸೇರಿಸಪ್ಪಾ, ಬರೀ ಪ್ರಶ್ನೆ ಒರಟಾಯ್ತು” ಎಂದರು. ಸೇರಿಸಿದೆ.

ಕಡೆಯ ಗದ್ದೆ ಮುಂಬಯಿಗಿಂತಲೂ ಆಚೆ ಇದ್ದೀತೆಂದು ತಿಳಿದದ್ದು 2008ರ ಜನವರಿ 30, ಬುಧವಾರ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಮೆಡಿಟರೇನಿಯನ್ನಿನ ತಳದಲ್ಲಿ ಸೀ-ಮಿ-ವಿ 4 ಮತ್ತು ಫ್ಲಾಗ್ ಎಂಬ ಎರಡು ಕೇಬಲ್ಲುಗಳು ತುಂಡಾಗಿ, ಭಾರತದಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯೇ ಮುಚ್ಚಿದಂತಾಯಿತು. ನಮ್ಮ ಪರದೆಯಲ್ಲಿ ಎಲ್ಲವೂ ಹಸಿರು, ಮುಂಬಯಿಯ ಮೇಲೂ ನಿಮಿಷ ತಪ್ಪದೆ ಬರುತ್ತಿದ್ದಿತು. ಆದರೆ ಯುರೋಪಿಗೆ ಸಿದ್ಧ ಉಡುಪು ಕಳಿಸುತ್ತಿದ್ದ ನಮ್ಮ ಗಿರಾಕಿಯೊಬ್ಬರ ಪಾಲಿಗೆ ಕಾವೇರಿ ಇಲ್ಲವೇ ಇಲ್ಲ. ಸಂಜೆಯ ಹೊತ್ತಿಗೆ ಪೊಟ್ಟಣಗಳು ಪೂರ್ವಕ್ಕೆ ತಿರುಗಿ, ಪೆಸಿಫಿಕ್ಕನ್ನೂ ಅಮೆರಿಕವನ್ನೂ ಅಟ್ಲಾಂಟಿಕ್ಕನ್ನೂ ದಾಟಿ ಲಂಡನ್ನಿಗೆ ಹೋಗಲು ಆರಂಭಿಸಿದುವು. ಎಂದೂ ನೂರೈವತ್ತರ ಆಸುಪಾಸಿನಲ್ಲಿದ್ದ ಅಂಕಿ ನಾನೂರನ್ನು ದಾಟಿತು. ಮೇಷ್ಟ್ರು ಆ ಅಂಕಿಯನ್ನು ನೋಡಿ, “ಕಾಶಿಗೆ ಹೋಗೋವ್ನು ರಾಮೇಶ್ವರದ ಮೇಲೆ ಹೋದ ಹಾಗಾಯ್ತು” ಎಂದರು. ಎರಡು ದಿನಗಳಲ್ಲಿ ದುಬೈ ಮತ್ತು ಓಮಾನಿನ ನಡುವೆ ಫಾಲ್ಕನ್ ಎಂಬ ಮೂರನೆಯ ಕೇಬಲ್ಲೂ ಕಡಿಯಿತು. ಆಮೇಲೆ ಅಲ್ಲಿ ಸಿಕ್ಕಿದ್ದು ಯಾವುದೋ ಹಡಗು ಬಿಟ್ಟುಹೋದ ಒಂದು ಲಂಗರು. ಇಷ್ಟೆಲ್ಲ ಆದ ಮೇಲೆ ನಾವು ಜರ್ಮನಿಯಲ್ಲೊಂದು ಯಂತ್ರವನ್ನು ಬಾಡಿಗೆಗೆ ಹಿಡಿದೆವು.

ಇನ್ನು, ಕಾವಲುಗಾರನೇ ಮೂರ್ಛೆ ಹೋದರೆ ಏನು ಮಾಡುವುದೆಂಬ ಪ್ರಶ್ನೆ ಕಡೆಯವರೆಗೂ ನಮ್ಮನ್ನು ಕಾಡಿತು. ಒಂದು ದೀಪಾವಳಿಯಲ್ಲಿ ಮೂರು ದಿನ ಒಂದೂ ಎಸ್ಸೆಮ್ಮೆಸ್ ಬಾರದೆ, ಹಬ್ಬ ನಿರಾತಂಕವಾಗಿ ಕಳೆಯಿತೆಂದು ಹೋಳಿಗೆ ತಿಂದು ಬಂದು ನೋಡಿದರೆ, ಗೋಡೆಯ ಪರದೆ ಕೆಂಪೋ ಕೆಂಪು. ಕಟ್ಟಿಹಾಕಿದ್ದ ನೋಕಿಯಾದ ಸಿಮ್ಮಿನಲ್ಲಿ ಕರೆನ್ಸಿ ಮುಗಿದಿದ್ದಿತು. ಹಬ್ಬದ ದಿನಗಳಲ್ಲಿ ಎಸ್ಸೆಮ್ಮೆಸ್ ಪ್ಯಾಕು ನಡೆಯುವುದಿಲ್ಲ, ಪೂರ್ತಿ ದರ ಕತ್ತರಿಸುತ್ತಾರೆಂಬ ಆ ಕಾಲದ ನಿಯಮವನ್ನು ನಾವು ಮರೆತಿದ್ದೆವು. ಹಬ್ಬದ ಹಿಂದಿನ ರಾತ್ರಿ ಒಂದು ಯಂತ್ರ ಹತ್ತಾರು ಬಾರಿ ಬಿದ್ದೆದ್ದು, ಇದ್ದ ಕಾಸನ್ನೆಲ್ಲ ಅದೊಂದೇ ತಿಂದುಹಾಕಿದ್ದಿತು. ಅಂದಿನಿಂದ ಬೆಳಿಗ್ಗೆ ಎಂಟಕ್ಕೆ, ಏನೂ ಆಗದಿದ್ದರೂ, ‘ಇದ್ದೇನೆ’ ಎಂದು ಒಂದು ಎಸ್ಸೆಮ್ಮೆಸ್ ಬರುವಂತೆ ಮಾಡಿದೆವು. ಅದು ಬಾರದ ದಿನ ಯಾರಾದರೊಬ್ಬರು ಎದ್ದುಹೋಗಿ ನೋಡಬೇಕು. 2011ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಂದು ಸಿಮ್ಮಿನಿಂದ ದಿನಕ್ಕೆ 100 ಎಸ್ಸೆಮ್ಮೆಸ್ ಮಾತ್ರವೆಂದು ಮಿತಿ ಹಾಕಿದಾಗ ಯಾವ ಯಂತ್ರದ ಸಾವು ಎಸ್ಸೆಮ್ಮೆಸ್ಸಿಗೆ ಯೋಗ್ಯವೆಂದು ಪಟ್ಟಿ ಮಾಡಬೇಕಾಯಿತು. ಮರುವರ್ಷ ಆಗಸ್ಟಿನಲ್ಲಿ, ಗಾಳಿಮಾತಿಗೆ ಹೆದರಿ ಈಶಾನ್ಯ ರಾಜ್ಯಗಳ ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಕಿಕ್ಕಿರಿದ ಆ ದುಃಖದ ದಿನಗಳಲ್ಲಿ, ಸರ್ಕಾರ ಐದಕ್ಕಿಂತ ಹೆಚ್ಚು ಸಂದೇಶ ಹೋಗದಂತೆ ತಡೆದಾಗ, ಸರದಿಯಲ್ಲಿದ್ದವನು ಕೋಣೆಯಲ್ಲಿಯೇ ಚಾಪೆ ಹಾಸಿದನು. ಊರಿಗೆ ಹೊರಟವರಲ್ಲಿ ನಮ್ಮ ಕಟ್ಟಡದ ಬಾಗಿಲಿನ ಸೆಕ್ಯುರಿಟಿಯವನೂ ಒಬ್ಬ. ಅವನು ಮರಳಿ ಬರಲಿಲ್ಲ.

2014ರಲ್ಲಿ ಸಂಸ್ಥೆ ತನ್ನ ಸ್ವಂತ ಯಂತ್ರಗಳನ್ನು ಬಿಟ್ಟು ಎಲ್ಲವನ್ನೂ ಕ್ಲೌಡಿಗೆ ಸಾಗಿಸಿತು. ಮೇಷ್ಟ್ರು ಅಷ್ಟರಲ್ಲಿ ನಿವೃತ್ತರಾಗಿದ್ದರು; ಕೆಂಪು ರಟ್ಟಿನ ಪುಸ್ತಕವನ್ನು ಹೋಗುವಾಗ ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದರು. ನದಿಗಳನ್ನು ಒಂದೊಂದಾಗಿ ಆರಿಸುವ ಕೆಲಸ ನನಗೆ ಬಂದಿತು. ಕಡೆಗೆ ಉಳಿದದ್ದು ಹೇಮಾವತಿ. ಅದರ ಗಿರಾಕಿಗಳೆಲ್ಲ ಬೇರೆ ಕಡೆಗೆ ಹೋಗಿ ತಿಂಗಳಾಗಿದ್ದಿತು. ಆದರೂ ಐದು ನಿಮಿಷಕ್ಕೊಮ್ಮೆ ಮುಂಬಯಿಯಿಂದ ಅದೊಂದು ಮೇಲು ಬರುತ್ತಲೇ ಇದ್ದಿತು, ಹೇಮಾವತಿ ಅದನ್ನು ವೈರಸ್ಸಿಗೆ ಪರೀಕ್ಷಿಸಿ ಪೆಟ್ಟಿಗೆಗೆ ಹಾಕುತ್ತಲೇ ಇದ್ದಿತು. ಗುಂಡಿಯನ್ನು ಅದುಮಿ ಹಿಡಿದೆ. ಫ್ಯಾನು ಇಳಿದು ನಿಂತಿತು. ಆ ಕೋಣೆಯಲ್ಲಿ ಎ.ಸಿ.ಯ ಸದ್ದು ಹೇಗಿರುವುದೆಂದು ನನಗೆ ಅಂದೇ ಮೊದಲು ಕೇಳಿಸಿದ್ದು.

ಮೆಟ್ಟಲಿಳಿಯುತ್ತಿರುವಾಗ ಜೇಬಿನಲ್ಲಿ ಫೋನು ಕಿರುಚಿತು. ಕಾವಲಿನ ಯಂತ್ರಕ್ಕೆ ಮೊದಲೇ ತಿಳಿಸಿಡಲು ಮರೆತಿದ್ದೆ. ಅದು ತನ್ನ ಪದ್ಧತಿಯಂತೆ ಮೂರು ಬಾರಿ ವಿಚಾರಿಸಿ, ಮೂರು ಬಾರಿಯೂ ಉತ್ತರ ಬಾರದೆ, ಹೇಮಾವತಿ ಇಲ್ಲವೆಂದು ಎಸ್ಸೆಮ್ಮೆಸ್ ಕಳಿಸಿದ್ದಿತು. ಸುದ್ದಿ ತಲುಪಿತೆಂದು ಒಪ್ಪಿಕೊಳ್ಳುವವರೆಗೆ ಅದು ಬಿಡುವುದಿಲ್ಲ. ಒಪ್ಪಿಕೊಳ್ಳುವುದಕ್ಕೆ ಕಾರಣವನ್ನೂ ಒಂದು ಸಾಲು ಬರೆಯಬೇಕು. ಹಿಂದಿರುಗಿ ಮೂರು ಮಹಡಿ ಹತ್ತಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ, ‘ನಾನೇ ಆರಿಸಿದ್ದು’ ಎಂದು ಬರೆದು ಬಂದೆ.